ಆಕೆ ನಿಮಗೆ ಏನಾಗಬೇಕು?

ನಮ್ಮೂರಿನ ಕೋರ್ಟಿನಲ್ಲಿ ಸಾಕ್ಷಿಯ ಹೆಸರನ್ನು ಪ್ರಮಾಣ ಮಾಡಿಸುವುದಕ್ಕೆ ಮುಂಚೆಯೇ ಕೇಳುತ್ತಾರೆ. ಹೆಸರು, ಗಂಡನ ಹೆಸರು ಅಥವಾ ತಂದೆಯ ಹೆಸರು, ಊರು, ಕಸುಬು. ಇಷ್ಟನ್ನೂ ಬೆಂಚ್ ಕ್ಲರ್ಕ್ ಕಟಕಟೆಯ ಕೆಳಗೆ ನಿಲ್ಲಿಸಿಕೊಂಡೇ ಕೇಳಿ, ಬರೆದುಕೊಂಡು, ಆಮೇಲೆ ಮೆಟ್ಟಿಲು ಹತ್ತಿಸುತ್ತಾನೆ. ಬೇರೆ ಕಡೆಯಿಂದ ವರ್ಗವಾಗಿ ಬಂದ ನ್ಯಾಯಾಧೀಶರು ಮೊದಲ ದಿನ ಇದನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ. ಎರಡನೆಯ ವಾರಕ್ಕೆ ಅವರಿಗೂ ರೂಢಿಯಾಗುತ್ತದೆ. ಆ ಕಟಕಟೆಯೊಳಗೆ ನಿಂತು ಪ್ರಮಾಣದ ಮೇಲೆ ಬಾಯಿಬಿಟ್ಟು ಹೇಳಿದ್ದು ಹೇಳಿದವರ ಬಳಿ ಉಳಿಯುವುದಿಲ್ಲ. ಕೇಳಿದವರಿಗೆಲ್ಲ ನೆನಪಿರುತ್ತದೆ, ಟೈಪಾಗಿ ಕಡತದಲ್ಲಿ ಇರುತ್ತದೆ. ಹೇಳಿದವರಿಗೆ ಮಾತ್ರ, ಮಾತು ತುಟಿ ದಾಟುತ್ತಲೇ ಅದು ಇಲ್ಲ.

ನಾನು ಚಿಕ್ಕವನಿದ್ದಾಗ ಹೀಗೆ ಹೆಸರು ಕಳೆದುಕೊಂಡ ಮುದುಕನೊಬ್ಬ ಸಂತೆಬೀದಿಯಲ್ಲಿ ಬುಟ್ಟಿ ಹೆಣೆಯುತ್ತ ಕೂತಿರುತ್ತಿದ್ದ. ಯಾವುದೋ ಹೊಸ ಕ್ಲರ್ಕು ಅವನ ಹೆಸರನ್ನು ಪ್ರಮಾಣದ ಮೇಲೆ ಕೇಳಿಬಿಟ್ಟಿದ್ದನಂತೆ. ಊರಿನವರು ಅವನ ಹೆಸರನ್ನು ಅವನಿಗೆ ಹೇಳಿಕೊಟ್ಟಿದ್ದರು. ಕೂಗಿದರೆ ತಿರುಗುತ್ತಿದ್ದ. ಆದರೆ ಪಕ್ಕದವನನ್ನು ಕೂಗಿದ್ದಿರಬಹುದೇನೋ ಎಂದು ಮೊದಲು ಪಕ್ಕಕ್ಕೆ ನೋಡಿ, ಅಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ತಿರುಗುತ್ತಿದ್ದ. ಹೇಳಿಕೊಟ್ಟದ್ದಕ್ಕೂ ತನ್ನದಾಗಿ ಇದ್ದದ್ದಕ್ಕೂ ಇರುವ ವ್ಯತ್ಯಾಸ ನನಗೆ ಮೊದಲು ತಿಳಿದದ್ದು ಅವನ ಆ ಕತ್ತಿನಿಂದ.

ಜನ ಇದಕ್ಕೆ ತಮ್ಮ ತಮ್ಮ ರೀತಿಯಲ್ಲಿ ಹೊಂದಿಕೊಂಡಿದ್ದಾರೆ. ಮೂವತ್ತು ವರ್ಷ ಗಂಡನ ಕೈಲಿ ಏಟು ತಿಂದ ಹೆಂಗಸರು ಆತ ಸತ್ತ ಮೇಲೂ ಬಂದು, "ಒಂದು ಕೇಸು ಹಾಕಿ ಸ್ವಾಮಿ, ಹೇಳಿ ಹಗುರಾಗ್ತೀನಿ" ಎನ್ನುವುದುಂಟು. ಆದರೆ ಮನೆಯವರನ್ನು ಕಳೆದುಕೊಂಡವರು ಸಮನ್ಸ್ ತಂದ ಪೇದೆಯನ್ನು ಕಂಡರೆ ಬಣವೆಯ ಹಿಂದೆ ಅಡಗುತ್ತಾರೆ. ಅಣ್ಣನನ್ನು ಕೊಂದವನು ಎದುರಿಗೇ ತಿರುಗಾಡಿಕೊಂಡಿದ್ದರೂ ಸರಿ, ಅಣ್ಣನ ಕೊನೆಯ ಮಾತು ತಮ್ಮ ಹತ್ತಿರ ಇರಲಿ ಎನ್ನುತ್ತಾರೆ. ಹೀಗೆ ಕೊಲೆ ಕೇಸುಗಳು ಒಂದಾದ ಮೇಲೊಂದು ಬಿದ್ದುಹೋಗತೊಡಗಿದ ಮೇಲೆ ಸರ್ಕಾರ ನಮ್ಮ ಆಫೀಸು ತೆರೆಯಿತು.

ಕೋರ್ಟಿನ ಹಿಂದುಗಡೆ, ಹಿಂದೆ ಜಪ್ತಿ ಮಾಲು ಇಡುತ್ತಿದ್ದ ಹೆಂಚಿನ ಕೊಠಡಿ. ಎರಡು ಮೇಜು, ಒಂದು ಬೀರು, ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತ ಬೆಂಚು. 'ಸರ್ಕಾರಿ ಅಭಿಯೋಜಕರ ತರಬೇತಿ ಹಾಗೂ ಸಂಶೋಧನಾ ನೆರವು ಕೇಂದ್ರ' ಎಂದು ಹೊರಗೆ ಬೋರ್ಡು. ಊರಿನವರಿಗೆ ಅಷ್ಟುದ್ದ ಬೇಕಿರಲಿಲ್ಲ. 'ಕಮ್ಮಿ ಕೇಳೋ ಆಫೀಸು' ಎಂದು ಕರೆದರು. ಸರಿಯಾಗಿಯೇ ಕರೆದರು. ಹೊಸದಾಗಿ ಬಂದ ಸರ್ಕಾರಿ ವಕೀಲರಿಗೆ ಕಡಿಮೆ ಕೇಳುವುದನ್ನು ಕಲಿಸುವುದು, ಹಳೆಯ ಕಡತಗಳನ್ನು ತೆಗೆದು ಯಾವ ಪ್ರಶ್ನೆ ಯಾರಿಂದ ಏನನ್ನು ಒಯ್ದಿತು ಎಂದು ಹುಡುಕುವುದು, ಪ್ರತಿ ಸಾಕ್ಷಿಗೂ ಬೇರೆ ಬೇರೆ ಪ್ರಶ್ನೆ ಚೀಟಿ ತಯಾರು ಮಾಡಿಕೊಡುವುದು, ಇದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಯಾವ ಸ್ಕೂಲಿನಲ್ಲೂ ಪಾಠ ಹೇಳಿದವನಲ್ಲವಾದರೂ ಎಲ್ಲರೂ ನನ್ನನ್ನು ಮೇಷ್ಟ್ರು ಎನ್ನುತ್ತಾರೆ.

ಸಂಶೋಧನೆ ಎಂದರೆ ದೊಡ್ಡದೇನಲ್ಲ. ಸಾಕ್ಷಿ ಹೇಳಿ ಹೋದ ಎಂಟು ದಿನಕ್ಕೆ ಆ ಸಾಕ್ಷಿಯ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಅವರು ಕೊಟ್ಟ ಮಜ್ಜಿಗೆ ಕುಡಿದು, ಎಮ್ಮೆ ಕರುವಿನ ವಿಚಾರ ಮಾತಾಡುತ್ತ ಮಾತಾಡುತ್ತ ಏನು ಉಳಿದಿದೆ, ಏನು ಹೋಗಿದೆ ಎಂದು ತಿಳಿದುಕೊಂಡು ಬರುವುದು. ಹಾಗೆ ತಿರುಗಿ ತಿರುಗಿ ಎಂಟನೆಯ ವರ್ಷದಲ್ಲಿ ನನಗೆ ಒಂದು ಸಂಗತಿ ಸಿಕ್ಕಿತು. ಬಾಯಿಂದ ಆಡಿದ ಮಾತು ಮಾತ್ರ ಹೋಗುತ್ತದೆ. ಗೋಣು ಹಾಕಿದರೆ ಏನೂ ಹೋಗುವುದಿಲ್ಲ. ಇದು ನಮ್ಮ ಕೈಪಿಡಿಯ ಒಂಬತ್ತನೆಯ ಪುಟದಲ್ಲಿ ದಪ್ಪಕ್ಷರದಲ್ಲಿದೆ. ಅದರ ಕೆಳಗೆ ನನ್ನ ಹೆಸರಿಲ್ಲ, ಆದರೆ ಆ ಸಾಲು ನನ್ನದು.

ಆದರೆ ಕಾನೂನು ಬೇರೆ ಇದೆಯಲ್ಲ. ಸರ್ಕಾರಿ ವಕೀಲರು ತಮ್ಮ ಸಾಕ್ಷಿಯ ಬಾಯಿಗೆ ತಾವೇ ಉತ್ತರ ಇಡುವ ಹಾಗಿಲ್ಲ. 'ಹೀಗಾಯಿತು, ಅಲ್ಲವೇ?' ಎಂದು ಕೇಳಿ ಗೋಣು ಹಾಕಿಸಿಕೊಳ್ಳುವ ಹಾಗಿಲ್ಲ. 'ಏನಾಯಿತು?' ಎಂದೇ ಕೇಳಬೇಕು. ಎರಡು ಕಡೆಯವರಿಗೂ ತಕರಾರಿಲ್ಲದ ಸಂಗತಿಗಳಲ್ಲಿ ಮಾತ್ರ ಗೋಣು ನಡೆಯುತ್ತದೆ. ಆದ್ದರಿಂದ ನಮ್ಮ ಜಾಣತನವೆಲ್ಲ ಇರುವುದು ಆದಷ್ಟು ಸಂಗತಿಗಳನ್ನು ಮೊದಲೇ ಕಾಗದದಿಂದ ತಕರಾರಿಲ್ಲದ ಹಾಗೆ ಮಾಡಿಡುವುದರಲ್ಲಿ. ಕಾಗದ ಮಾತಾಡಿದರೆ ಬಾಯಿ ಮಾತಾಡಬೇಕಿಲ್ಲ. ಅದು ಹತ್ತನೆಯ ಪುಟ.

ಭಾರ್ಗವಿ ನಮ್ಮೂರಿಗೆ ಸರ್ಕಾರಿ ವಕೀಲೆಯಾಗಿ ಬಂದದ್ದು ಅವರೆಕಾಯಿ ಕಾಲದಲ್ಲಿ. ಮೊದಲ ನೇಮಕ. ದೂರದ ಊರಿನವಳು, ಇನ್ನೂ ಮೂವತ್ತು ದಾಟಿಲ್ಲ. ತಿಂಗಳು ಪೂರ್ತಿ ನನ್ನ ಎದುರಿನ ಬೆಂಚಿನಲ್ಲಿ ಕೂತು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಒಂದು ದಿನ ಪೆನ್ನು ಕೆಳಗಿಟ್ಟು, "ಮೇಷ್ಟ್ರೇ, ಇದು ಯಾಕೆ ಹಿಂಗೆ ಅಂತ ಯಾರೂ ಹುಡುಕಲೇ ಇಲ್ವಾ?" ಎಂದಳು.

"ನಮ್ಮ ಓಣಿ ಬಾವಿ ನೀರು ಉಪ್ಪು ಮೇಡಂ. ಯಾಕೆ ಉಪ್ಪು ಅಂತ ನಮ್ಮಪ್ಪನೂ ಕೇಳಲಿಲ್ಲ. ಆಚೆ ಓಣಿಯಿಂದ ಹೊತ್ಕೊಂಡು ಬಂದ್ರು" ಎಂದೆ.

ಅವಳು ನಕ್ಕು ಅದನ್ನೂ ಬರೆದುಕೊಂಡಳು. ಬುದ್ಧಿವಂತೆ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆ ಮಾಡುವವಳು. ಅದು ಅವಳ ಗುಣ ಎಂದುಕೊಂಡಿದ್ದೆ.

ಆ ಚಳಿಗಾಲದಲ್ಲೇ ಬೋಳುಗುಡ್ಡದ ಕ್ವಾರಿಯ ಕೇಸು ಬಂತು. ಊರಿಗೆ ಮೂರು ಮೈಲಿ ಆಚೆ ಇರುವ ಆ ಗುಡ್ಡದಲ್ಲಿ ಬಂಡೆಗೆ ತೂತು ಹೊಡೆದು, ಮದ್ದು ತುಂಬಿ ಸಿಡಿಸುತ್ತಾರೆ. ಕೆಳಗೆ ಹೆಂಗಸರು ಕೂತು ಸುತ್ತಿಗೆಯಿಂದ ಜಲ್ಲಿ ಒಡೆಯುತ್ತಾರೆ. ಮದ್ದಿಗೆ ಬೆಂಕಿ ಇಡುವ ಮುಂಚೆ ಮೂರು ಸಲ ಸೀಟಿ ಊದಬೇಕು, ಕೆಂಪು ಬಾವುಟ ಏರಿಸಬೇಕು, ಎಲ್ಲರೂ ಹುಣಿಸೆಮರದ ಆಚೆಗೆ ಹೋದರೆಂದು ನೋಡಿಕೊಳ್ಳಬೇಕು. ಆ ದಿನ ಲಾರಿಗೆ ತುಂಬುವ ಜಲ್ಲಿಯ ಲೋಡು ತಡವಾಗಿತ್ತು. ಮೇಸ್ತ್ರಿ ಬೈಲಪ್ಪ ಸೀಟಿ ಊದಲಿಲ್ಲ. ಸಿಡಿದ ಕಲ್ಲು ಬಿದ್ದು ಹತ್ತೊಂಬತ್ತು ವರ್ಷದ ಕೋಮಲ ಸತ್ತಳು. ಜೊತೆಗಿದ್ದ ಕೂಲಿಯವರು ಬೇರೆ ಸೀಮೆಯವರು, ವಾರದೊಳಗೆ ಗುಡಿಸಲು ಕಿತ್ತುಕೊಂಡು ಎಲ್ಲಿಗೋ ಹೋದರು. ಸೀಟಿ ಊದಲಿಲ್ಲ ಎಂದು ಹೇಳಲು ಉಳಿದವಳು ಒಬ್ಬಳೇ. ಪಕ್ಕದಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದ ತಾಯಿ, ನಿಂಗಾಜಮ್ಮ. ಅವತ್ತು ಪೊಲೀಸರಿಗೆ ದೂರು ಬರೆಸಿದವಳೂ ಅವಳೇ. ಗಂಡ ಸತ್ತು ಬಹಳ ಕಾಲವಾಗಿತ್ತು. ಮನೆಯಲ್ಲಿ ಇದ್ದದ್ದು ಇಬ್ಬರೇ.

ನಾನೂ ಭಾರ್ಗವಿಯೂ ಅವಳ ಮನೆಗೆ ಹೋದಾಗ ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ನಾವು ಯಾರೆಂದು ಹೇಳುವ ಮುಂಚೆಯೇ, "ಕಮ್ಮಿ ಕೇಳೋ ಆಪೀಸ್ನೋರಾ? ನಾ ಬರಾಕಿಲ್ಲ" ಎಂದಳು.

"ಕೂತ್ಕೋಬಹುದಾ ಅವ್ವಾ?" ಎಂದಳು ಭಾರ್ಗವಿ.

"ಕೂತ್ಕೋ ತಾಯಿ. ಕೂರಾಕೆ ಏನು. ಬರಾಕಿಲ್ಲ ಅಂದೆ ಅಷ್ಟೆ."

ಮೊರವನ್ನು ಎರಡು ಸಲ ಕೊಡವಿ ಅವಳೇ ಮಾತು ಶುರು ಮಾಡಿದಳು. "ನನ್ ಮಗಳನ್ನ ನೀವು ಅಲ್ಲಿ ಕಟಕಟೇಲಿ ಇಸ್ಕೊತೀರಿ. ಇಸ್ಕೊಂಡು ಆ ಬೈಲಪ್ಪಂಗೆ ಎರಡು ವರ್ಸ ಕೊಡ್ತೀರಿ. ಅವನು ಎರಡು ವರ್ಸಕ್ಕೆ ವಾಪಸ್ ಬತ್ತಾನೆ. ನನ್ ಮಗಳನ್ನ ಯಾವಾಗ ವಾಪಸ್ ಕೊಡ್ತೀರಿ?"

ಭಾರ್ಗವಿ ನನ್ನ ಮುಖ ನೋಡಿದಳು. ನಿಂಗಾಜಮ್ಮ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಒಳಗಿನಿಂದ ಒಂದು ಬಟ್ಟೆ ಚೂರು ತೆಗೆದು ಮೊರದ ಮೇಲಿಟ್ಟಳು. ಹಳದಿ ಬಟ್ಟೆ, ಕೊಳೆಗೆ ಕಂದಾಗಿತ್ತು, ಸುತ್ತಿ ಸುತ್ತಿ ಬೆರಳಿನ ಆಕಾರಕ್ಕೇ ಸುರುಳಿಯಾಗಿ ನಿಂತಿತ್ತು. ಜಲ್ಲಿ ಒಡೆಯುವವರು ಕಲ್ಲು ಹಿಡಿಯುವ ಎಡಗೈಯ ಹೆಬ್ಬೆರಳಿಗೆ ಏಟು ಬೀಳದಿರಲೆಂದು ಬಟ್ಟೆ ಸುತ್ತಿಕೊಳ್ಳುತ್ತಾರೆ.

"ಕೋಮ್ಲೀದು. ಅವಳ ಲಂಗದ ಅಂಚು. ನಾನೇ ಹರಿದು ಸುತ್ತಿದ್ದೆ. ದಿನಾ ಬೆಳಿಗ್ಗೆ ಬೆರಳು ಚಾಚ್ತಿದ್ಲು, ಸುತ್ತವ್ವಾ ಅಂತ. ತಾನೇ ಸುತ್ಕೊಳಾಕೆ ಬರ್ತಿತ್ತು, ಬರಾಕಿಲ್ಲ ಅಂತ ನಾಟ್ಕ." ಚೂರನ್ನು ಮತ್ತೆ ಚೀಲದೊಳಕ್ಕೆ ಇಟ್ಟುಕೊಂಡಳು. "ಇದೆಲ್ಲ ಹೋಯ್ತದೆ ಅಂದ್ರೆ ನನಗೆ ನ್ಯಾಯ ಬ್ಯಾಡ ಸ್ವಾಮಿ."

ಆಗ ನಾನು ಮಾತು ಕೊಟ್ಟೆ. ಸೀಟಿಯ ವಿಚಾರ ಮಾತ್ರ ಕೇಳುತ್ತೇವೆ, ಬಾವುಟದ ವಿಚಾರ ಕೇಳುತ್ತೇವೆ, ಮಗಳ ಸುದ್ದಿ ಒಂದಕ್ಷರ ಕೇಳುವುದಿಲ್ಲ. ಆಕೆ ನಿಮ್ಮ ಮಗಳು ಎನ್ನುವುದಕ್ಕೆ ಕಾಗದ ತೋರಿಸುತ್ತೇವೆ, ನೀವು ಗೋಣು ಹಾಕಿದರೆ ಸಾಕು. ಗೋಣು ಹಾಕಿದರೆ ಏನೂ ಹೋಗುವುದಿಲ್ಲ. ನಾನು ಇಪ್ಪತ್ತೆರಡು ವರ್ಷ ನೋಡಿದ್ದೇನೆ. ಹೋಗುವುದು ಸೀಟಿ ಊದದೆ ಇದ್ದದ್ದು ಒಂದೇ. ಅದು ಹೋದರೆ ನಿಮಗೆ ನಷ್ಟವಿಲ್ಲ.

"ಆಣೆ ಇಡ್ತೀರಾ?"

"ಇಡ್ತೀನಿ."

ಅವಳು ನಮ್ಮ ಮುಂದೆ ಮೊದಲ ಸಲ ನಕ್ಕಳು. "ಬ್ಯಾಡ ಬುಡಿ. ಆಣೆ ಇಟ್ಟು ಹೇಳಿ ಆಮ್ಯಾಕೆ ನೀವೇ ಮರ್ತೋದ್ರೆ ನಾನು ಯಾರನ್ನ ಹಿಡ್ಕೊಳ್ಳಿ?"

ಕೋರ್ಟಿನ ಆ ಕಟಕಟೆಯಾಚೆ ಹಾಗಾಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ತಮಾಷೆಗೆ ಅಂದದ್ದು. ನನಗೆ ಮಾತ್ರ ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಮೂರು ದಿನ ಆಫೀಸಿಗೆ ಬಂದಳು. ಕುರ್ಚಿಯೊಂದನ್ನು ತಿರುಗಿಸಿಟ್ಟು ಅದೇ ಕಟಕಟೆ ಎಂದೆವು. ಅವಳು ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಿದ್ದಳು. ಭಾರ್ಗವಿ ಚೀಟಿ ನೋಡಿ, "ಸಿಡಿಯುವ ಮುಂಚೆ ನಿಮಗೆ ಏನು ಕೇಳಿಸಿತು?" ಎಂದು ಕೇಳುತ್ತಿದ್ದಳು.

"ಏನೂ ಕೇಳಿಸ್ನಿಲ್ಲ. ಸೀಟಿ ಊದ್ನಿಲ್ಲ. ಕೋಮ್ಲಿ ಆಗತಾನೆ ನೀರು..." ಎನ್ನುತ್ತಲೇ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

"ಕೋಮಲ ಇರೋ ಮಾತು ನುಂಗಿಬಿಡಬೇಕು ಅವ್ವಾ."

"ನುಂಗ್ತೀನಿ. ಇನ್ನೊಂದು ಕಿತ ಕೇಳು."

ಮೂರನೆಯ ದಿನದ ಹೊತ್ತಿಗೆ ಮಗಳನ್ನು ಪೂರ್ತಿ ನುಂಗಿಕೊಂಡು ಉಳಿದದ್ದನ್ನು ಮಾತ್ರ ಹೇಳುವುದನ್ನು ಕಲಿತಳು. ನಾನು ಅಷ್ಟು ಚೆನ್ನಾಗಿ ಕಲಿತ ಸಾಕ್ಷಿಯನ್ನು ನೋಡಿಲ್ಲ. ಹೋಗುವಾಗ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ರೇಷನ್ ಕಾರ್ಡು ಕೊಟ್ಟಳು. ನಾನು ಜೆರಾಕ್ಸ್ ಮಾಡಿಸಿ, ದೃಢೀಕರಿಸಿದ ಸೀಲು ಹಾಕಿ, ಚೀಟಿಯ ಜೊತೆ ಕಡತಕ್ಕೆ ಪಿನ್ನು ಮಾಡಿದೆ. ಈ ಕೆಲಸದಲ್ಲಿ ಸಾವಿರ ಕಾರ್ಡು ನೋಡಿದ್ದೇನೆ. ಕಾರ್ಡು ಇದೆಯೇ ಎಂದು ನೋಡಿದೆ. ಕಾರ್ಡಿನಲ್ಲಿ ಏನಿದೆ ಎಂದು ನೋಡಲಿಲ್ಲ.

ವಿಚಾರಣೆ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆಗೆ ಬಂತು. ನಾನು ಹಿಂದಿನ ಬೆಂಚಿನಲ್ಲಿ, ಭಾರ್ಗವಿ ತಿರುಗಿದರೆ ಕಾಣುವ ಹಾಗೆ ಕೂತಿದ್ದೆ. ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. ನಿಂಗಾಜಮ್ಮ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಕೆಳಗೆ ನಿಂತು ಹೆಸರು, ಊರು ಹೇಳಿ, ಸತ್ತವಳ ತಾಯಿ ಎಂದಳು. ಮೆಟ್ಟಿಲು ಹತ್ತಿ ಪ್ರಮಾಣ ಮಾಡಿದಳು. ನನ್ನ ಕಡೆ ಒಮ್ಮೆ ನೋಡಿದಳು.

ಭಾರ್ಗವಿ ಚೀಟಿಯಲ್ಲಿದ್ದ ಹಾಗೆಯೇ ಮೊದಲು ಕಾಗದ ಹಾಜರುಪಡಿಸಿದಳು. "ಸ್ವಾಮಿ, ಸಾಕ್ಷಿ ಮೃತಳ ತಾಯಿ. ಪಡಿತರ ಚೀಟಿಯ ನಕಲು ಇದೆ. ಈ ಬಗ್ಗೆ ತಕರಾರಿಲ್ಲ ಎಂದುಕೊಳ್ಳುತ್ತೇನೆ."

ಆರೋಪಿಯ ಪರವಾಗಿ ಇದ್ದವರು ಮೃತ್ಯುಂಜಯಪ್ಪ. ಮೂವತ್ತು ವರ್ಷದ ವಕೀಲಿಕೆ, ಕಟಕಟೆಯ ಮರ್ಮ ನನ್ನಷ್ಟೇ ಬಲ್ಲವರು. ನಕಲನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ನಿಧಾನವಾಗಿ ಓದಿದರು.

"ತಕರಾರಿದೆ ಸ್ವಾಮಿ. ಇದರಲ್ಲಿ ಕೋಮಲ ಎಂಬುವವಳ ಮುಂದೆ ಸಂಬಂಧದ ಕಾಲಂನಲ್ಲಿ 'ಸೊಸೆ' ಅಂತಿದೆ."

ಕಾರ್ಡು ಬರೆದ ಯಾವ ಗುಮಾಸ್ತ ಯಾವ ಧ್ಯಾನದಲ್ಲಿ ಯಾವ ಮನೆಯ ಸಾಲನ್ನು ಎಲ್ಲಿ ಬರೆದನೋ. ಗಂಡುಮಗನೇ ಇಲ್ಲದ ಮನೆಗೆ ಸೊಸೆ. ಹತ್ತು ವರ್ಷ ಆ ಮನೆಯವರು ಅದೇ ಕಾರ್ಡಿನಲ್ಲಿ ಅಕ್ಕಿ ತಂದಿದ್ದಾರೆ. ಅವರಿಗೆ ಓದಲು ಬರುವುದಿಲ್ಲ. ಓದಲು ಬರುವ ನಾನು ಓದಿರಲಿಲ್ಲ.

"ತಾಯಿ ಅಂತ ದೂರು ಕೊಟ್ಟವಳು ತಾಯಿಯೇ ಅಲ್ಲ ಅಂದ್ರೆ, ಈ ದೂರೇ ಸುಳ್ಳು ಅಂತ ನನ್ನ ವಾದ" ಎಂದರು ಮೃತ್ಯುಂಜಯಪ್ಪ. ಅವರಿಗೆ ಬೇಕಾಗಿದ್ದುದು ಅದಲ್ಲ ಎಂದು ನನಗೆ ಗೊತ್ತಾಯಿತು. ಬಾಯಿಂದ ಒಂದು ಸಲ ಹೇಳಿಸಿಬಿಟ್ಟರೆ ಈ ಹೆಂಗಸಿಗೆ ಇಲ್ಲಿ ನಿಲ್ಲುವ ಕಾರಣವೇ ಇರುವುದಿಲ್ಲ, ಕಕ್ಕಾಬಿಕ್ಕಿಯಾಗಿ ಇಳಿದು ಹೋಗುತ್ತಾಳೆ ಎಂದು ಅವರ ಲೆಕ್ಕ.

ಭಾರ್ಗವಿ, "ಹೆಸರು ಕೇಳುವಾಗಲೇ ಆಕೆ..." ಎಂದು ಏನೋ ಹೇಳಹೊರಟಳು.

"ಪ್ರಮಾಣಕ್ಕೆ ಮುಂಚೆ ಹೇಳಿದ್ದು ಸಾಕ್ಷ್ಯ ಆಗೋದಿಲ್ಲ" ಎಂದರು ನ್ಯಾಯಾಧೀಶರು. "ಸಂಬಂಧ ಬೇಕು ಅಂತಿದ್ರೆ ಸಾಕ್ಷಿಯನ್ನೇ ಕೇಳಿ. ಬೇಡ ಅಂತಿದ್ರೆ ಆ ಕಾಗದ ವಾಪಸ್ ತಗೊಳ್ಳಿ."

ಬೇಡ ಅಂತಿದ್ದರೆ. ಇದನ್ನು ನಾನು ಎಷ್ಟು ಸಲ ನೆನೆದುಕೊಂಡಿದ್ದೇನೋ. ಬೇಕಾಗಿರಲಿಲ್ಲ. ಸೀಟಿ ಊದದೆ ಮದ್ದು ಸಿಡಿಸಿದ್ದು ಅಪರಾಧ. ಸತ್ತವಳು ಯಾರ ಮಗಳಾದರೂ ಅಪರಾಧವೇ. ಕಾಗದ ವಾಪಸು ಪಡೆದು ಸೀಟಿಯ ಪ್ರಶ್ನೆಗೆ ಹೋಗಬಹುದಿತ್ತು. ಆದರೆ ನನ್ನ ತಲೆಯಲ್ಲಿ ಆಗ ಓಡಿದ್ದೇ ಬೇರೆ. ಕಾಗದ ಬಿದ್ದುಹೋದರೆ ನಮ್ಮ ಕೇಂದ್ರದ ಸೀಲು ಬಿದ್ದುಹೋಗುತ್ತದೆ, ಸೀಲು ಬಿದ್ದರೆ ಉಳಿದ ಕಾಗದಗಳನ್ನೂ ನಂಬುವುದಿಲ್ಲ, ಕೇಸು ಹೋಯಿತು ಎಂದುಕೊಂಡೆ. ಭಾರ್ಗವಿ ತಿರುಗಿ ನನ್ನನ್ನು ನೋಡಿದಳು. ಕೇಳಲೇ ಎಂದು ಕಣ್ಣಲ್ಲೇ ಕೇಳಿದಳು.

ನಾನು ಗೋಣು ಹಾಕಿದೆ.

ಅವಳು ಕಟಕಟೆಯ ಕಡೆ ತಿರುಗಿದಳು. "ನಿಂಗಾಜಮ್ಮ, ಸತ್ತ ಕೋಮಲ... ಆಕೆ ನಿಮಗೆ ಏನಾಗಬೇಕು?"

ನಿಂಗಾಜಮ್ಮ ಚೀಟಿಯಲ್ಲಿ ಇಲ್ಲದ ಈ ಪ್ರಶ್ನೆಗೆ ಒಂದು ಗಳಿಗೆ ಬೆರಗಾದಳು. ನುಂಗಿಕೊಳ್ಳುತ್ತಾಳೆ ಎಂದು ನಾನು ಕಾದೆ. ಆದರೆ ಅವಳ ಕಣ್ಣು ಮೃತ್ಯುಂಜಯಪ್ಪನವರ ಕೈಲಿದ್ದ ಕಾಗದದ ಮೇಲಿತ್ತು. ಮುಖ ಕೆಂಪಾಗಿತ್ತು. ಯಾವ ತಾಯಿ ತಾನೇ ತಡೆದುಕೊಂಡಾಳು.

"ಸೊಸೆ ಅಂದ್ರಾ? ಯಾವನ್ ಹೇಳ್ದೋನು? ನನ್ ಮಗಳು ಸ್ವಾಮಿ ಅವಳು. ನನ್ ಹೊಟ್ಟೇಲಿ ಹುಟ್ದೋಳು. ನಾನೇ ಹೆತ್ತು, ನಾನೇ ಸಾಕಿದ್ದು."

ಟೈಪ್ ಮಾಡುವವರ ಸದ್ದು ಒಂದೆರಡು ಕ್ಷಣ ಮುಂದುವರಿದು ನಿಂತಿತು. ನಿಂಗಾಜಮ್ಮ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದಳು. ತನ್ನ ಕೈ ಯಾಕೆ ಮೇಲಿತ್ತು ಎಂದು ಗೊತ್ತಿಲ್ಲದವಳ ಹಾಗೆ ಅದನ್ನು ನೋಡಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಒದ್ದೆಯಾದ ಸೆರಗನ್ನೂ ನೋಡಿದಳು. ಆಮೇಲೆ ಮುಂದಿನ ಪ್ರಶ್ನೆಗೆ ಸಿದ್ಧಳಾಗಿ ಭಾರ್ಗವಿಯ ಕಡೆ ಮುಖ ಮಾಡಿ ನಿಂತಳು.

ಭಾರ್ಗವಿ ಕೈಲಿದ್ದ ಚೀಟಿಯನ್ನೇ ನೋಡುತ್ತಿದ್ದಳು. ನ್ಯಾಯಾಧೀಶರು, "ಮುಂದುವರಿಸಿ" ಎಂದರು.

ಮೃತ್ಯುಂಜಯಪ್ಪನವರ ಲೆಕ್ಕವೂ ತಪ್ಪಿತು. ನಿಂಗಾಜಮ್ಮ ಕಕ್ಕಾಬಿಕ್ಕಿಯಾಗಲಿಲ್ಲ, ಇಳಿಯಲೂ ಇಲ್ಲ. ಮೂರು ದಿನ ಕುರ್ಚಿಯ ಬೆನ್ನು ಹಿಡಿದು ಕಲಿತದ್ದೆಲ್ಲ ಅವಳ ಹತ್ತಿರ ಹಾಗೆಯೇ ಇತ್ತು. ಸೀಟಿ ಊದಲಿಲ್ಲ ಎಂದಳು. ಬಾವುಟ ಕಟ್ಟೆಯ ಮೇಲೆ ಮಡಚಿಟ್ಟಿತ್ತು ಎಂದಳು. ಬೈಲಪ್ಪ 'ಲೋಡು ನಿಂತದೆ, ಹಚ್ಚು' ಎಂದು ಕೂಗಿದ್ದನ್ನು ಅವನ ಧ್ವನಿಯಲ್ಲೇ ಹೇಳಿದಳು. ಈಗ ಬಾಯಿಗೆ ಅಂಗೈ ಹೋಗಲಿಲ್ಲ. ನುಂಗುವುದಕ್ಕೆ ಏನೂ ಇರಲಿಲ್ಲ. "ಪಕ್ಕದಲ್ಲಿ ಒಂದು ಹುಡುಗಿ ನೀರು ಕುಡೀತಿತ್ತು. ಅದರ ಮ್ಯಾಲೆ ಬಿತ್ತು" ಎಂದು ತಾನಾಗಿಯೇ ಸೇರಿಸಿದಳು.

ಪಾಟೀಸವಾಲಿಗೆ ಎದ್ದ ಮೃತ್ಯುಂಜಯಪ್ಪ, "ಏನಮ್ಮಾ, ಆರೋಪಿ ಮೇಲಿನ ದ್ವೇಷಕ್ಕೆ ಇದೆಲ್ಲ ಹೇಳ್ತಿದೀಯ, ಹೌದೋ ಅಲ್ಲವೋ?" ಎಂದರು.

"ದ್ವೇಸ ಯಾಕೆ ಸ್ವಾಮಿ? ಆ ಹುಡುಗಿಗೂ ನನಗೂ ಏನು ಸಂಬಂಧ?"

ಅವರು ಕನ್ನಡಕ ತೆಗೆದು ಮಡಚಿ ಕೂತರು.

ಕೋರ್ಟಿನ ಮೆಟ್ಟಿಲ ಮೇಲೆ ಭಾರ್ಗವಿ ಕಂಬ ಹಿಡಿದು ಅಳುತ್ತಿದ್ದಳು. ಇಳಿದು ಬಂದ ನಿಂಗಾಜಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು, "ಯಾಕವ್ವಾ? ಆ ಹುಡುಗಿ ನಿನಗೆ ಏನಾಗಬೇಕು?" ಎಂದು ಕೇಳಿದಳು. "ಪಾಪ, ಸಮಾಧಾನ ಮಾಡ್ಕೊ" ಎಂದು ಹೇಳಿ, ನನ್ನ ಕಡೆ ತಿರುಗಿ, ಬೋಳುಗುಡ್ಡದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಳು. ಎರಡು ಗಂಟೆಗೆ ಎಂದೆ.

ತೀರ್ಪು ಯುಗಾದಿ ಕಳೆದ ಮೇಲೆ ಬಂತು. ಬೈಲಪ್ಪನಿಗೆ ಎರಡು ವರ್ಷ. 'ಸಾಕ್ಷಿಯು ಯಾವ ರಾಗದ್ವೇಷಕ್ಕೂ ಒಳಗಾಗದೆ, ಸಂಬಂಧವೇ ಇಲ್ಲದವರಂತೆ ನಿರ್ಲಿಪ್ತವಾಗಿ ನುಡಿದಿರುವುದು ನಂಬಿಕೆಗೆ ಅರ್ಹವಾಗಿದೆ' ಎಂದು ಅದರಲ್ಲಿ ಬರೆದಿತ್ತು. ನಮ್ಮ ಕೇಂದ್ರ ನೆರವು ಕೊಟ್ಟ ಕೇಸುಗಳಲ್ಲಿ ಆರು ವರ್ಷದ ಮೇಲೆ ಗೆದ್ದದ್ದು ಇದೇ. ಮೇಲಿನ ಕಚೇರಿಯಿಂದ ಅಭಿನಂದನೆಯ ಪತ್ರ ಬಂತು. ತಿಂಗಳಾಗುವುದರೊಳಗೆ ಸುತ್ತೋಲೆಯೂ ಬಂತು. ಸಾಕ್ಷಿಗಳು ಭಾವೋದ್ವೇಗಕ್ಕೆ ಒಳಗಾಗುವುದನ್ನು ತಪ್ಪಿಸಲು ಇನ್ನು ಮುಂದೆ ಮೃತರೊಂದಿಗಿನ ಸಂಬಂಧದ ಪ್ರಶ್ನೆಯನ್ನು ಮೊದಲಿಗೇ, ಬಾಯಿಮಾತಿನಲ್ಲಿಯೇ ಕೇಳತಕ್ಕದ್ದು. ಕೈಪಿಡಿಯ ಹತ್ತನೆಯ ಪುಟವನ್ನು ಇದರಂತೆ ತಿದ್ದತಕ್ಕದ್ದು. ಎಲ್ಲ ತಾಲ್ಲೂಕಿನ ಸರ್ಕಾರಿ ವಕೀಲರಿಗೂ ಇದರಲ್ಲಿ ತರಬೇತಿ ಕೊಡತಕ್ಕದ್ದು.

ಭಾರ್ಗವಿ ಸುತ್ತೋಲೆಯನ್ನು ನನ್ನ ಮೇಜಿನ ಮುಂದೆ ನಿಂತು ಓದಿ, ಅಲ್ಲೇ ಮಡಚಿಟ್ಟಳು. "ನಾನು ನಿಮ್ಮನ್ನ ನೋಡಿದೆ ಮೇಷ್ಟ್ರೇ" ಎಂದಳು. 

"ಹೌದು" ಎಂದೆ.

"ನೀವು ಬೇಡ ಅಂದಿದ್ರೆ ಕೇಳ್ತಿರಲಿಲ್ಲ."

"ಹೌದು."

ಬೈದಿದ್ದರೆ ಚೆನ್ನಾಗಿತ್ತು. ಮಳೆಗಾಲಕ್ಕೆ ಮುಂಚೆ ವರ್ಗ ಮಾಡಿಸಿಕೊಂಡು ಹೋದಳು. ನೋಟುಬುಕ್ಕನ್ನು ಬೆಂಚಿನ ಮೇಲೆಯೇ ಬಿಟ್ಟಿದ್ದಳು.

ಸುತ್ತೋಲೆ ತಪ್ಪು ತಿಳಿವಳಿಕೆಯಿಂದ ಹೊರಟಿದೆ, ಕಾರ್ಡನ್ನು ಓದದೆ ಸೀಲು ಹಾಕಿದ್ದು ನಾನು, ಕೇಳಬಾರದ ಪ್ರಶ್ನೆಗೆ ಗೋಣು ಹಾಕಿದ್ದೂ ನಾನು ಎಂದು ಮೇಲಿನ ಕಚೇರಿಗೆ ಬರೆದೆ. ತಮ್ಮ ಹೇಳಿಕೆಯನ್ನು ಖುದ್ದಾಗಿ ಹಾಜರಾಗಿ, ಅದೇ ನ್ಯಾಯಾಲಯದಲ್ಲಿ, ಪ್ರಮಾಣದ ಮೇಲೆ ನೀಡಬಹುದೆಂದು ಉತ್ತರ ಬಂತು. ದಿನಾಂಕವನ್ನೂ ಕೊಟ್ಟಿದ್ದರು. ಮೆಟ್ಟಿಲು ಹತ್ತಿ ಎರಡು ವಾಕ್ಯ ಹೇಳಿದ್ದರೆ ಮಧ್ಯಾಹ್ನದ ಹೊತ್ತಿಗೆ ನಾನು ಹಗುರವಾಗಿ ಮನೆಗೆ ಹೋಗಿ ಉಣ್ಣಬಹುದಿತ್ತು. ಹೆಂಡತಿಯೂ ಹಾಗೆಯೇ ಹೇಳಿದಳು, "ಊರೋರೆಲ್ಲ ಮಾಡೋದನ್ನ ನೀವು ಮಾಡಿದ್ರೆ ಏನು? ಊಟ ನಿದ್ದೆ ಬಿಟ್ಟು ಎಷ್ಟು ದಿನ ಆಯ್ತು." ನಾನು ಹೋಗಲಿಲ್ಲ. ಕೋಮಲ ನಿಂಗಾಜಮ್ಮನ ಮಗಳೆಂದು ಬೇರೆಯವರು ಹೇಳಿಕೊಟ್ಟದ್ದರಿಂದಲ್ಲದೆ, ಅವಳ ಬಾಯಿಂದಲೇ, ಅವಳ ಮನೆಯ ಬಾಗಿಲಲ್ಲಿ ಕೇಳಿಸಿಕೊಂಡವರು ನಾವಿಬ್ಬರೇ. ಭಾರ್ಗವಿ ಹೋದಳು. ಉಳಿದವನು ನಾನೊಬ್ಬ. ನನ್ನ ತಪ್ಪನ್ನು ಹೇಳಹೊರಟರೆ ಅದನ್ನೂ ಹೇಳಬೇಕಾಗುತ್ತದೆ. ಬಾಯಿಬಿಟ್ಟು ಹೇಳಿದ್ದು ಹೋಗುತ್ತದೆ. ಬರೆದದ್ದು ಹೋಗುವುದಿಲ್ಲ, ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಹತ್ತನೆಯ ಪುಟವನ್ನು ತಿದ್ದಿದ್ದೇನೆ. ತಿದ್ದಲಿಲ್ಲ ಎಂದು ಹೇಳಿಕೊಳ್ಳುವ ಆಸೆ ಇದೆ, ಆದರೆ ತಿದ್ದಿದೆ. ಕಳೆದ ವಾರ ಮೂರು ತಾಲ್ಲೂಕಿನ ಏಳು ಜನ ಹೊಸ ವಕೀಲರು ಬಂದಿದ್ದರು. ಕುರ್ಚಿ ತಿರುಗಿಸಿಟ್ಟು ಅಭ್ಯಾಸ ಮಾಡಿಸಿದೆ. ಮೊದಲ ಪ್ರಶ್ನೆಯನ್ನು ಏಳು ಜನರೂ ಸ್ಪಷ್ಟವಾಗಿ, ತಡವರಿಸದೆ ಕೇಳಿದರು.

ಅವರು ಹೋದ ಮಧ್ಯಾಹ್ನವೇ ನಿಂಗಾಜಮ್ಮ ಬಂದಳು. ಸಂತೆಗೆ ಬಂದವಳು, ಕೈಲಿ ಈರುಳ್ಳಿಯ ಚೀಲ. ಮೈ ತುಂಬಿಕೊಂಡಿದ್ದಳು. ಬಾಗಿಲಲ್ಲೇ ನಿಂತು, "ನೀವೇ ಅಲ್ವಾ ಸ್ವಾಮಿ ಅವತ್ತು ಬಸ್ಸಿನ ಹೊತ್ತು ಹೇಳಿದ್ದು" ಎಂದಳು. ಕೂರಿಸಿದೆ. ಸೊಂಟದ ಚೀಲ ಬಿಚ್ಚಿ ಹಳದಿ ಬಟ್ಟೆಯ ಸುರುಳಿಯನ್ನು ಮೇಜಿನ ಮೇಲಿಟ್ಟಳು.

"ಎಲೆಅಡಿಕೆ ಚೀಲ ಒಗೆಯಾಕೆ ಅಂತ ಕೊಡವಿದೆ, ಇದು ಬಿತ್ತು. ನನ್ ಪಕ್ಕ ಕೂತು ಜಲ್ಲಿ ಒಡೀತಿತ್ತಲ್ಲ ಆ ಹುಡುಗೀದು. ಹೆಬ್ಬೆಟ್ಟಿಗೆ ಸುತ್ಕೊಳಾದು. ದಿನಾ ಸುತ್ತು ಸುತ್ತು ಅಂತ ನನ್ ತಾವ ಬೆರಳು ಚಾಚ್ತಿತ್ತು. ಯಾಕೋ ನನ್ ಚೀಲದಾಗೆ ಉಳ್ಕೊಂಡದೆ."

"ನಿಂಗಾಜಮ್ಮ, ಅವಳು ನಿಮ್ಮ ಮಗಳು" ಎಂದೆ.

ಅವಳು ಸಿಟ್ಟಾಗಲಿಲ್ಲ. ಮೊದಲು ಪಕ್ಕಕ್ಕೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಊರೋರೂ ಹಂಗೇ ಅಂತಾರೆ. ಇಷ್ಟು ಜನ ಸುಳ್ಳು ಹೇಳ್ತಾರಾ, ಇರಬೌದು. ಒಂದಿನ ಕೂತ್ಕೊಂಡು ಅಳಾಕೂ ನೋಡ್ದೆ ಸ್ವಾಮಿ. ಬರ್ನಿಲ್ಲ." ಈರುಳ್ಳಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಇದನ್ನ ಇಟ್ಕೊಂಡ್ರೆ ಯಾರ್ದೋ ಕದ್ದಿಟ್ಕೊಂಡಂಗೆ ಆಯ್ತದೆ. ಬಿಸಾಕಾಕೂ ಮನಸು ಬರ್ನಿಲ್ಲ. ನಿಮ್ ಆಪೀಸಲ್ಲೇ ಇಟ್ಕೊಳಿ. ಅದರ ಅವ್ವ ಯಾವತ್ತಾದ್ರೂ ಹುಡುಕ್ಕೊಂಡು ಬಂದ್ರೆ ಕೊಟ್ಬುಡಿ."

ಎದ್ದು ಬಾಗಿಲ ತನಕ ಹೋದವಳು ನಿಂತು ತಿರುಗಿದಳು.

"ಕೊಡ್ತೀರಲ್ಲ?"

ನಾನು ಗೋಣು ಹಾಕಿದೆ.